ಒಂದು ಕೋಶದಿಂದ ಒಂದು ದೇಹ: ಗಿಡವೂ ಪ್ರಾಣಿಯೂ ರೂಪ ತಳೆಯುವ ಬಗೆ

2023ರ ಸೆಪ್ಟೆಂಬರಿನಲ್ಲಿ ಇಸ್ರೇಲಿನ ವೈಜ್‌ಮನ್ ವಿಜ್ಞಾನ ಸಂಸ್ಥೆಯಿಂದ ಬಂದ ಒಂದು ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಚರ್ಚೆಯಾಯಿತು. ಜೇಕಬ್ ಹನ್ನಾ ಮತ್ತು ಅವರ ತಂಡದವರು ಅಂಡಾಣುವಿಲ್ಲದೆ, ವೀರ್ಯಾಣುವಿಲ್ಲದೆ, ಗರ್ಭಕೋಶವೂ ಇಲ್ಲದೆ, ಕೇವಲ ಆಕರಕೋಶಗಳನ್ನು ಕೂಡಿಸಿ, ಹದಿನಾಲ್ಕು ದಿನದ ಮಾನವ ಭ್ರೂಣವನ್ನು ಬಹುಮಟ್ಟಿಗೆ ಹೋಲುವ ರಚನೆಯೊಂದನ್ನು ಬೆಳೆಸಿದ್ದರು. ಓದಿದವರಲ್ಲಿ ಬೆರಗೂ ಆತಂಕವೂ ಒಟ್ಟಿಗೇ ಮೂಡಿದವು. ಆ ಗದ್ದಲದಲ್ಲಿ ಒಂದು ಸಂಗತಿ ಹಲವರ ಕಣ್ಣಿಗೆ ಬೀಳದೆ ಹೋಯಿತು. ವಿಜ್ಞಾನಿಗಳು ಆ ಕೋಶಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿರಲಿಲ್ಲ. ತಕ್ಕ ಬಗೆಯ ಕೋಶಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, ತಕ್ಕ ದ್ರವದಲ್ಲಿ ಇಟ್ಟರು. ಮುಂದಿನ ಕೆಲಸವನ್ನು ಕೋಶಗಳೇ ಮಾಡಿಕೊಂಡವು.

ಮೇಸ್ತ್ರಿಯಿಲ್ಲದೆ ಮನೆ ಏಳುವುದನ್ನು ನಾವು ಎಲ್ಲಿಯೂ ಕಂಡಿಲ್ಲ. ದೇಹವೆಂಬ ಕಟ್ಟಡದಲ್ಲಾದರೋ ಇಟ್ಟಿಗೆಯೇ ಕೆಲಸಗಾರ, ಇಟ್ಟಿಗೆಯೇ ಮರಿ ಹಾಕಿ ಹೆಚ್ಚುತ್ತದೆ, ಇಟ್ಟಿಗೆಯೇ ತನ್ನ ಜಾಗ ಹುಡುಕಿಕೊಂಡು ಹೋಗಿ ಕೂರುತ್ತದೆ. ಇಡೀ ಕಟ್ಟಡದ ನಕ್ಷೆ ಅವುಗಳಲ್ಲಿ ಯಾವೊಂದರ ಬಳಿಯೂ ಇರುವುದಿಲ್ಲ. ಹಾಗಿದ್ದೂ ಕಣ್ಣು ಕಣ್ಣಿನ ಜಾಗದಲ್ಲಿ, ಬೇರು ಬೇರಿನ ಜಾಗದಲ್ಲಿ ಮೂಡುವುದು ಹೇಗೆಂಬುದೇ ಈ ಲೇಖನದ ವಿಷಯ.

ಮೊದಲಿಗೆ ಕೆಲವು ಪದಗಳು

ಜೀವಿಯ ದೇಹದ ಅತಿ ಚಿಕ್ಕ ಜೀವಂತ ಘಟಕಕ್ಕೆ ಜೀವಕೋಶವೆಂದು ಹೆಸರು. ಒಂದೇ ಬಗೆಯ ಕೆಲಸ ಮಾಡುವ ಕೋಶಗಳ ಗುಂಪು ಅಂಗಾಂಶ. ಹಲವು ಅಂಗಾಂಶಗಳು ಕೂಡಿದರೆ ಅಂಗ. ತಾಯಿಯ ಅಂಡಾಣುವೂ ತಂದೆಯ ವೀರ್ಯಾಣುವೂ ಸೇರಿ ಆಗುವ ಮೊದಲ ಕೋಶವನ್ನು ಯುಗ್ಮಜ ಎನ್ನುತ್ತಾರೆ. ಆ ಕೋಶ ಒಡೆದು ಎರಡಾಗಿ, ನಾಲ್ಕಾಗಿ, ರೂಪ ತಳೆಯುವ ಆರಂಭದ ಅವಸ್ಥೆಯೇ ಭ್ರೂಣ. ಆಕರಕೋಶವೆಂದರೆ ಇನ್ನೂ ಯಾವ ಕೆಲಸಕ್ಕೂ ಕಟ್ಟುಬೀಳದ, ತನ್ನಂಥ ಕೋಶಗಳನ್ನೂ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲ ಕೋಶ. ಇನ್ನು ಜೀನ್ ಎಂಬುದು ಡಿಎನ್ಎ ಎಂಬ ಉದ್ದನೆಯ ಎಳೆಯ ಮೇಲಿನ ಒಂದು ತುಣುಕು; ಒಂದು ಪ್ರೋಟೀನನ್ನು ಹೇಗೆ ತಯಾರಿಸಬೇಕೆಂಬ ಬರಹ ಅದರಲ್ಲಿರುತ್ತದೆ. ಮನುಷ್ಯನಲ್ಲಿ ಇಂಥ ಜೀನ್‌ಗಳು ಸುಮಾರು 20,000 ಇವೆ.

ಮನುಷ್ಯನ ಅಂಡಾಣುವಿನ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಬೆಳೆದ ದೇಹದಲ್ಲಿ ಸುಮಾರು 37 ಲಕ್ಷ ಕೋಟಿ ಕೋಶಗಳಿವೆಯೆಂದೂ ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆಯೆಂದೂ ಅಂದಾಜು. ಈ ಸಂಖ್ಯೆ ದೊಡ್ಡದೆನಿಸಿದರೂ ಅದನ್ನು ಮುಟ್ಟುವುದು ಕಷ್ಟವಲ್ಲ: ಒಂದು ಕೋಶ 45 ಸಲ ಇಮ್ಮಡಿಯಾದರೆ 35 ಲಕ್ಷ ಕೋಟಿ ದಾಟುತ್ತದೆ. ಆದರೆ ಬರೀ ಇಮ್ಮಡಿಯಾಗುತ್ತ ಹೋದರೆ ಸಿಗುವುದು ಕೋಶಗಳ ಗುಡ್ಡೆಯೇ ಹೊರತು ದೇಹವಲ್ಲ. ಒಂದೇ ತಾಯಿಕೋಶದ ಮಕ್ಕಳು ಬೇರೆ ಬೇರೆಯಾಗಬೇಕು, ಆ ಬೇರೆತನ ಸರಿಯಾದ ಜಾಗದಲ್ಲಿ ಆಗಬೇಕು, ಜೊತೆಗೆ ಗುಡ್ಡೆಯು ಮಡಿಚಿ, ಬಾಗಿ, ಟೊಳ್ಳಾಗಿ ಆಕಾರ ಪಡೆಯಬೇಕು.

ಒಳಗೆ ಪುಟ್ಟ ಗೊಂಬೆ ಇದೆಯೆ?

ಕೋಳಿಮೊಟ್ಟೆಗೆ ಮೂರು ದಿನ ಕಾವು ಕೊಟ್ಟ ಮೇಲೆ ಕತ್ತಲೆಯ ಕೋಣೆಯಲ್ಲಿ ಅದನ್ನು ದೀಪಕ್ಕೆ ಅಡ್ಡಲಾಗಿ ಹಿಡಿದು ನೋಡಿದರೆ, ಒಳಗೆ ಜೇಡರ ಬಲೆಯಂತೆ ಹರಡಿದ ಕೆಂಪು ನಾಳಗಳೂ ಅವುಗಳ ನಡುವೆ ಮಿಡಿಯುವ ಒಂದು ಚುಕ್ಕೆಯೂ ಕಾಣುತ್ತವೆ. ಮೂರು ದಿನದ ಹಿಂದೆ ಅಲ್ಲಿದ್ದದ್ದು ಹಳದಿಯ ಮೇಲಿನ ಕೆಲವೇ ಮಿಲಿಮೀಟರಿನ ಬಿಳಿಯ ಮಚ್ಚೆ ಮಾತ್ರ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ಅರಿಸ್ಟಾಟಲ್ ದಿನಕ್ಕೊಂದು ಮೊಟ್ಟೆ ಒಡೆದು ನೋಡಿ, ಮೂರನೆಯ ದಿನದ ಈ ಮಿಡಿಯುವ ರಕ್ತದ ಚುಕ್ಕೆಯನ್ನು ಬರೆದಿಟ್ಟಿದ್ದ.

"ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬ ಗಾದೆಯನ್ನು ಅಕ್ಷರಶಃ ನಂಬಿದಂತೆ, ಹದಿನೇಳು ಮತ್ತು ಹದಿನೆಂಟನೆಯ ಶತಮಾನದ ಅನೇಕ ವಿದ್ವಾಂಸರು, ಮೊಟ್ಟೆಯಲ್ಲೋ ವೀರ್ಯಾಣುವಿನಲ್ಲೋ ಪೂರ್ಣ ರೂಪದ ಪುಟ್ಟ ಜೀವಿ ಮೊದಲೇ ಮಡಿಚಿಕೊಂಡು ಕುಳಿತಿರುತ್ತದೆ, ಬೆಳವಣಿಗೆಯೆಂದರೆ ಅದು ಉಬ್ಬಿ ದೊಡ್ಡದಾಗುವುದಷ್ಟೇ ಎಂದುಕೊಂಡಿದ್ದರು. 1694ರಲ್ಲಿ ನಿಕೊಲಾಸ್ ಹಾರ್ಟ್‌ಸೂಕರ್ ಎಂಬಾತ ವೀರ್ಯಾಣುವಿನ ತಲೆಯೊಳಗೆ ಮಂಡಿ ಮಡಿಚಿ ಕುಳಿತ ಕುಬ್ಜ ಮನುಷ್ಯನ ಚಿತ್ರವನ್ನೇ ಬರೆದ. ಆ ನಂಬಿಕೆಯಂತೆ ಗೊಂಬೆಯೊಳಗೊಂದು ಗೊಂಬೆ, ಅದರೊಳಗೆ ಮತ್ತೊಂದು, ಹೀಗೆ ಮುಂದಿನ ತಲೆಮಾರುಗಳೆಲ್ಲ ಒಳಗೇ ಇರಬೇಕಾಗುತ್ತದೆ. 1759ರಲ್ಲಿ ಕ್ಯಾಸ್ಪರ್ ಫ್ರೀಡ್ರಿಕ್ ವೋಲ್ಫ್ ಕೋಳಿಭ್ರೂಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಂಗಗಳು ಮೊದಲೇ ಇರುವುದಿಲ್ಲ, ಸರಳವಾದ ಪದರಗಳಿಂದ ಹೊಸದಾಗಿ ಮೂಡುತ್ತವೆ ಎಂದು ತೋರಿಸಿದ.

ಈ ವಾದ ಬಗೆಹರಿಯಲು ಪ್ರಯೋಗವೇ ಬೇಕಾಯಿತು. 1888ರಲ್ಲಿ ವಿಲ್ಹೆಲ್ಮ್ ರೂ ಎಂಬ ಜರ್ಮನ್ ವಿಜ್ಞಾನಿ ಎರಡು ಕೋಶದ ಹಂತದಲ್ಲಿದ್ದ ಕಪ್ಪೆಯ ಭ್ರೂಣದಲ್ಲಿ ಒಂದು ಕೋಶವನ್ನು ಕಾದ ಸೂಜಿಯಿಂದ ಚುಚ್ಚಿ ಕೊಂದಾಗ ಉಳಿದ ಕೋಶದಿಂದ ಅರ್ಧ ಭ್ರೂಣ ಬೆಳೆಯಿತು. ಪ್ರತಿ ಕೋಶದ ಹಣೆಬರಹ ಮೊದಲೇ ಗೊತ್ತಾಗಿರುತ್ತದೆಂದು ಅವರು ತೀರ್ಮಾನಿಸಿದರು. ಕೆಲವೇ ವರ್ಷಗಳಲ್ಲಿ ಹಾನ್ಸ್ ಡ್ರೀಶ್ ಎಂಬವರು, ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್ ಎಂಬ ಕಡಲಜೀವಿಯ ಎರಡು ಕೋಶದ ಭ್ರೂಣವನ್ನು ನೀರಿನಲ್ಲಿ ಜೋರಾಗಿ ಕುಲುಕಿ ಬೇರೆ ಮಾಡಿದಾಗ, ಎರಡು ಅರೆಮರಿಗಳ ಬದಲು ಗಾತ್ರದಲ್ಲಿ ಚಿಕ್ಕದಾದ ಎರಡು ಪೂರ್ಣ ಮರಿಗಳು ಹುಟ್ಟಿದವು. ರೂ ಅವರ ಪ್ರಯೋಗದಲ್ಲಿ ಸತ್ತ ಕೋಶ ಇನ್ನೂ ಅಂಟಿಕೊಂಡೇ ಇತ್ತು. ಬದುಕಿದ ಕೋಶಕ್ಕೆ ಪಕ್ಕದಲ್ಲಿ ಯಾರೂ ಇಲ್ಲವೆಂಬುದು ತಿಳಿದಿರಲಿಲ್ಲ. ಡ್ರೀಶ್ ಅವರ ಕೋಶಗಳಿಗೆ ತಾವು ಒಂಟಿಯೆಂಬುದು ತಿಳಿಯಿತು. ಮನುಷ್ಯರಲ್ಲಿ ಒಂದೇ ಮೊಟ್ಟೆಯಿಂದ ಅವಳಿಗಳು ಹುಟ್ಟಲು ಸಾಧ್ಯವಾಗುವುದೂ ಈ ಗುಣದಿಂದಲೇ: ಭ್ರೂಣ ಎಳೆಯದಿರುವಾಗ ಇಬ್ಭಾಗವಾದರೆ ಪ್ರತಿ ಭಾಗವೂ ತನ್ನನ್ನು ಪೂರ್ಣವಾಗಿಸಿಕೊಳ್ಳುತ್ತದೆ.

ಬರಹ ಒಂದೇ, ಓದು ಬೇರೆ

ಹಾಗಾದರೆ ಚರ್ಮದ ಕೋಶವೂ ಮಿದುಳಿನ ಕೋಶವೂ ಬೇರೆಯಾಗುವುದು ಹೇಗೆ? ಬೆಳೆಯುತ್ತ ಹೋದಂತೆ ಕೋಶಗಳು ಬೇಡದ ಜೀನ್‌ಗಳನ್ನು ಕಳೆದುಕೊಳ್ಳುತ್ತವೆಯೇನೋ ಎಂಬ ಊಹೆ ಒಂದು ಕಾಲಕ್ಕೆ ಇತ್ತು. ಜಾನ್ ಗರ್ಡನ್ 1962ರಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನು ಅಲ್ಲಗಳೆಯಿತು. ಅವರು ಗೊದಮೊಟ್ಟೆಯ ಕರುಳಿನ ಕೋಶದಿಂದ, ಡಿಎನ್ಎ ಇರುವ ಕೋಶಕೇಂದ್ರವನ್ನು ತೆಗೆದು, ತನ್ನ ಕೋಶಕೇಂದ್ರವನ್ನು ಕಳೆದುಕೊಂಡ ಕಪ್ಪೆಯ ಅಂಡಾಣುವಿನೊಳಗೆ ಇಟ್ಟಾಗ, ಕೆಲವು ಮೊಟ್ಟೆಗಳು ಈಜಾಡುವ ಗೊದಮೊಟ್ಟೆಗಳಾಗಿ ಬೆಳೆದವು. ಕರುಳಿನ ಕೋಶದಲ್ಲಿಯೂ ಇಡೀ ಕಪ್ಪೆಗೆ ಬೇಕಾದ ಬರಹವೆಲ್ಲ ಭದ್ರವಾಗಿತ್ತು. 1996ರಲ್ಲಿ ಹುಟ್ಟಿದ ಡಾಲಿ ಎಂಬ ಕುರಿ ಇದನ್ನೇ ಸಸ್ತನಿಗಳಲ್ಲಿ ತೋರಿಸಿತು. ಅದು ಬೆಳೆದ ಕುರಿಯೊಂದರ ಕೆಚ್ಚಲಿನ ಕೋಶದಿಂದ ಬಂದದ್ದು.

ಹಾರ್ಮೋನಿಯಂ ಒಂದೇ, ಮನೆಗಳೂ ಅವೇ. ಯಾವುದನ್ನು ಒತ್ತುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದರ ಮೇಲೆ ರಾಗ ಬೇರೆಯಾಗುತ್ತದೆ. ಕೋಶದಲ್ಲಿಯೂ ಹಾಗೆಯೇ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ನಿನ ಜೀನ್ ಕಣ್ಣಿನ ಮಸೂರದ ಎಳೆಯ ಕೋಶದಲ್ಲೂ ಇದೆ, ಆದರೆ ಅಲ್ಲಿ ಅದನ್ನು ಯಾರೂ ಓದುವುದಿಲ್ಲ. ಯಾವ ಜೀನನ್ನು ಓದಬೇಕೆಂದು ನಿರ್ಧರಿಸುವುದು ಕೆಲವು ವಿಶೇಷ ಪ್ರೋಟೀನುಗಳು. ಅವು ಡಿಎನ್ಎ ಮೇಲೆ ಜೀನಿನ ಆಸುಪಾಸಿನಲ್ಲೋ ಸ್ವಲ್ಪ ದೂರದಲ್ಲೋ ಕುಳಿತು, ದೀಪದ ಸ್ವಿಚ್ಚಿನಂತೆ ಆ ಜೀನನ್ನು ಹೊತ್ತಿಸುತ್ತವೆ ಅಥವಾ ಆರಿಸುತ್ತವೆ. ಇಂಥ ಸ್ವಿಚ್ಚಿನ ಪ್ರೋಟೀನುಗಳೂ ಜೀನ್‌ಗಳಿಂದಲೇ ಬರುವುದರಿಂದ ಒಂದು ಸ್ವಿಚ್ಚು ಇನ್ನೊಂದನ್ನು, ಅದು ಮತ್ತಷ್ಟನ್ನು ಒತ್ತುತ್ತ ಹೋಗುತ್ತದೆ.

ಇದರ ಬಲ ಎಷ್ಟೆಂಬುದು 1995ರಲ್ಲಿ ವಾಲ್ಟರ್ ಗೆರಿಂಗ್ ಅವರ ತಂಡ ಹಣ್ಣುನೊಣದ ಮೇಲೆ ಮಾಡಿದ ಪ್ರಯೋಗದಿಂದ ತಿಳಿಯಿತು. ಕಣ್ಣಿನ ಬೆಳವಣಿಗೆಗೆ ಚಾಲನೆ ಕೊಡುವ ಒಂದೇ ಒಂದು ಜೀನನ್ನು ನೊಣದ ಕಾಲಿನಲ್ಲಿ, ರೆಕ್ಕೆಯಲ್ಲಿ ಹೊತ್ತಿಸಿದಾಗ ಅಲ್ಲೆಲ್ಲ ಕಣ್ಣುಗಳು ಮೂಡಿದವು. ಇಲಿಯ ದೇಹದಿಂದ ತಂದ ಅದೇ ಜಾತಿಯ ಜೀನನ್ನು ಬಳಸಿದಾಗಲೂ ಕಣ್ಣು ಮೂಡಿತು, ಆದರೆ ಅದು ಇಲಿಯ ಕಣ್ಣಾಗಿರದೆ ನೊಣದ ಕಣ್ಣೇ ಆಗಿತ್ತು. "ಇಲ್ಲಿ ಕಣ್ಣು ಕಟ್ಟು" ಎಂಬ ಅಪ್ಪಣೆಯನ್ನು ಇಲಿಯ ಜೀನ್ ಕೊಟ್ಟರೂ, ಎಂಥ ಕಣ್ಣು ಕಟ್ಟಬೇಕೆಂಬ ಕಸುಬು ನೊಣದ ಕೋಶಗಳದ್ದೇ. ಈ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡುವ ಪ್ರಯೋಗ ಬೇರೊಂದಿಲ್ಲವೆಂದೇ ಈ ಲೇಖಕನ ಎಣಿಕೆ.

ಒಮ್ಮೆ ಚರ್ಮವಾದ ಕೋಶದ ಮಕ್ಕಳೂ ಚರ್ಮವೇ ಆಗುತ್ತವೆ, ಏಕೆಂದರೆ ಡಿಎನ್ಎ ಮೇಲಿನ ರಾಸಾಯನಿಕ ಗುರುತುಗಳು ಯಾವ ಜೀನ್ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಮುಂದಿನ ಪೀಳಿಗೆಯ ಕೋಶಕ್ಕೂ ದಾಟಿಸುತ್ತವೆ. ಆದರೆ ಈ ಬೀಗ ತೆಗೆಯಲಾಗದ್ದೇನಲ್ಲ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕಾ ಮತ್ತು ಅವರ ಸಹೋದ್ಯೋಗಿ ಇಲಿಯ ಚರ್ಮದ ಕೋಶಗಳಲ್ಲಿ ಕೇವಲ ನಾಲ್ಕು ಜೀನ್‌ಗಳನ್ನು ಹೊತ್ತಿಸಿ ಅವನ್ನು ಮತ್ತೆ ಆಕರಕೋಶಗಳ ಸ್ಥಿತಿಗೆ ತಂದರು. ಗರ್ಡನ್ ಮತ್ತು ಯಮನಾಕಾ ಇಬ್ಬರಿಗೂ 2012ರ ನೊಬೆಲ್ ಪ್ರಶಸ್ತಿ ಒಟ್ಟಿಗೆ ಸಂದಿತು.

ತಾನೆಲ್ಲಿದ್ದೇನೆಂದು ಕೋಶಕ್ಕೆ ತಿಳಿಯುವುದು ಹೇಗೆ?

ದೊಡ್ಡದೊಂದು ಕತ್ತಲೆಯ ಕೋಣೆಯ ಮೂಲೆಯಲ್ಲಿ ಸಂಪಿಗೆ ಹೂವಿನ ಬುಟ್ಟಿ ಇಟ್ಟಿದ್ದಾರೆಂದುಕೊಳ್ಳಿ. ಏನೂ ಕಾಣದಿದ್ದರೂ ಪರಿಮಳ ಎಷ್ಟು ಗಾಢವಾಗಿದೆ ಎಂಬುದರಿಂದ ಬುಟ್ಟಿ ಹತ್ತಿರವೋ ದೂರವೋ ಎಂದು ಹೇಳಬಹುದು. ಭ್ರೂಣದ ಕೋಶಗಳೂ ತಮ್ಮ ಜಾಗವನ್ನು ತಿಳಿಯುವುದು ಹೀಗೆಯೇ. ಒಂದು ಕಡೆಯ ಕೋಶಗಳು ಒಂದು ರಾಸಾಯನಿಕವನ್ನು ಹೊರಬಿಡುತ್ತವೆ. ಅದು ಹರಡುತ್ತ ಹೋದಂತೆ ತೆಳುವಾಗುತ್ತದೆ. ಗಾಢವಾಗಿ ಸಿಕ್ಕ ಕೋಶ ಒಂದು ಬಗೆಯಾಗುತ್ತದೆ, ಸಾಧಾರಣವಾಗಿ ಸಿಕ್ಕ ಕೋಶ ಇನ್ನೊಂದು ಬಗೆಯಾಗುತ್ತದೆ, ಸಿಗದ ಕೋಶ ಮತ್ತೊಂದಾಗುತ್ತದೆ. ಈ ವಿಚಾರಕ್ಕೆ 1969ರಲ್ಲಿ ಲೂಯಿಸ್ ವೋಲ್ಪರ್ಟ್ ಸ್ಪಷ್ಟ ರೂಪ ಕೊಟ್ಟರು. ಮೂರು ಬಣ್ಣದ ಪಟ್ಟೆಗಳಿರುವ ಫ್ರಾನ್ಸಿನ ಧ್ವಜವನ್ನು ಅವರು ಉದಾಹರಣೆಯಾಗಿ ಬಳಸಿದರು.

ಊಹೆಯಾಗಿದ್ದ ಈ ಮಾತು 1988ರಲ್ಲಿ ಹಣ್ಣುನೊಣದ ಮೊಟ್ಟೆಯಲ್ಲಿ ಕಣ್ಣಿಗೆ ಕಾಣುವಂತಾಯಿತು. ಕ್ರಿಸ್ಟಿಯಾನೆ ನ್ಯೂಸ್ಲೈನ್-ವೊಲ್ಹಾರ್ಡ್ ಮತ್ತು ವೋಲ್ಫ್‌ಗಾಂಗ್ ಡ್ರೀವರ್, ಬೈಕಾಯ್ಡ್ ಎಂಬ ಪ್ರೋಟೀನು ಮೊಟ್ಟೆಯ ಒಂದು ತುದಿಯಲ್ಲಿ ದಟ್ಟವಾಗಿದ್ದು ಇನ್ನೊಂದು ತುದಿಯತ್ತ ಕ್ರಮೇಣ ಕಡಿಮೆಯಾಗುವುದನ್ನು ತೋರಿಸಿದರು. ದಟ್ಟವಿರುವ ತುದಿಯಲ್ಲಿ ತಲೆ ಮೂಡುತ್ತದೆ. ತಾಯಿನೊಣದಲ್ಲಿ ಆ ಜೀನ್ ಕೆಟ್ಟಿದ್ದರೆ ಮರಿಗೆ ತಲೆಯೂ ಎದೆಯೂ ಇರುವುದಿಲ್ಲ.

ಕೋಳಿಯ ರೆಕ್ಕೆಯಲ್ಲಿ ಇದೇ ತತ್ತ್ವ ಇನ್ನೊಂದು ರೀತಿಯಲ್ಲಿ ಕಾಣುತ್ತದೆ. ಭ್ರೂಣದಲ್ಲಿ ರೆಕ್ಕೆ ಮೊದಲು ಒಂದು ಪುಟ್ಟ ಮೊಗ್ಗಿನಂತೆ ಏಳುತ್ತದೆ. ಅದರ ಹಿಂಬದಿಯ ಅಂಚಿನಿಂದ ಒಂದು ಚೂರು ಅಂಗಾಂಶವನ್ನು ಕತ್ತರಿಸಿ ಮುಂಬದಿಯ ಅಂಚಿಗೆ ಕಸಿ ಮಾಡಿದರೆ, ಕನ್ನಡಿ ಹಿಡಿದಂತೆ ಎರಡು ಕಡೆಯಿಂದಲೂ ಬೆರಳುಗಳು ಮೂಡಿ ರೆಕ್ಕೆ ಇಮ್ಮಡಿಯಾಗುತ್ತದೆಂದು ಜಾನ್ ಸಾಂಡರ್ಸ್ ಮತ್ತು ಮೇರಿ ಗ್ಯಾಸೆಲಿಂಗ್ 1968ರಲ್ಲಿ ತೋರಿಸಿದರು. ಕೋಣೆಯ ಇನ್ನೊಂದು ಮೂಲೆಯಲ್ಲೂ ಸಂಪಿಗೆ ಬುಟ್ಟಿ ಇಟ್ಟಂತಾಯಿತು. ಕೆಲವು ಮಕ್ಕಳು ಹೆಚ್ಚು ಬೆರಳುಗಳೊಂದಿಗೆ ಹುಟ್ಟಲು ಒಂದು ಕಾರಣವೂ ಇದೇ: ಆ ರಾಸಾಯನಿಕ ಸಂಕೇತವನ್ನು ಎಲ್ಲಿ ಬಿಡಬೇಕೆಂದು ಹೇಳುವ ಸ್ವಿಚ್ಚಿನಲ್ಲಿ ಚಿಕ್ಕ ಬದಲಾವಣೆಯಾಗಿ, ಅದು ತಪ್ಪು ಅಂಚಿನಿಂದಲೂ ಹೊರಡುತ್ತದೆ.

ಕೆಲವು ಕೋಶಗಳ ಮಾತು ಮಾತ್ರ ಇನ್ನೂ ದೂರ ಹೋಗುತ್ತದೆ. ಜರ್ಮನಿಯ ಹಿಲ್ಡೆ ಮ್ಯಾಂಗೋಲ್ಡ್ ಎಂಬ ತರುಣಿ, ತನ್ನ ಗುರು ಹಾನ್ಸ್ ಶ್ಪೇಮನ್ ಅವರ ಪ್ರಯೋಗಾಲಯದಲ್ಲಿ, ಹಲ್ಲಿಯಂತೆ ಕಾಣುವ ನ್ಯೂಟ್ ಎಂಬ ಉಭಯಚರದ ತಿಳಿಬಣ್ಣದ ಭ್ರೂಣದಿಂದ ಒಂದು ಸಣ್ಣ ಚೂರನ್ನು ತೆಗೆದು, ಗಾಢ ಬಣ್ಣದ ಇನ್ನೊಂದು ಭ್ರೂಣದ ಹೊಟ್ಟೆಯ ಭಾಗಕ್ಕೆ ಕಸಿ ಮಾಡಿದರು. ಅಲ್ಲಿ ಎರಡನೆಯದೊಂದು ಮರಿಯೇ, ಬೆನ್ನು ನರಹುರಿಗಳ ಸಮೇತ, ಮೊದಲನೆಯದಕ್ಕೆ ಹೊಟ್ಟೆ ಅಂಟಿಸಿಕೊಂಡು ಬೆಳೆಯಿತು. ಬಣ್ಣವನ್ನು ನೋಡಿದರೆ ಆ ಎರಡನೆಯ ಮರಿಯ ಬಹುಪಾಲು ಕೋಶಗಳು ಗಾಢ ಬಣ್ಣದವು, ಅಂದರೆ ಆತಿಥೇಯ ಭ್ರೂಣದವು. ಕಸಿಯ ಚೂರು ಮರಿಯಾಗಿ ಬೆಳೆದಿರಲಿಲ್ಲ. ಹೊಟ್ಟೆಯಾಗಬೇಕಿದ್ದ ನೆರೆಕೋಶಗಳನ್ನು ಬೆನ್ನಾಗುವಂತೆ ಒಲಿಸಿತ್ತು. ಈ ಕೆಲಸ ಪ್ರಕಟವಾದ 1924ರಲ್ಲೇ ಹಿಲ್ಡೆ ಬೆಂಕಿ ಅವಘಡದಲ್ಲಿ ತೀರಿಕೊಂಡರು. 1935ರ ನೊಬೆಲ್ ಶ್ಪೇಮನ್ ಒಬ್ಬರಿಗೇ ಬಂತು. ಆಗ ಹಿಲ್ಡೆ ಬದುಕಿದ್ದರೆ ಆ ಗೌರವದಲ್ಲಿ ಪಾಲು ಸಿಗಬೇಕಾದದ್ದು ನ್ಯಾಯವಾಗಿತ್ತು.

ಹಾಳೆ ಮಡಿಚಿ ಕೊಳವೆಯಾಗುವುದು

ಮನುಷ್ಯನ ಭ್ರೂಣ ಮೊದಲ ಎರಡು ವಾರ ನೋಡಲು ತೀರ ಸರಳ. ಐದನೆಯ ದಿನದ ಹೊತ್ತಿಗೆ ಅದು ನೂರಕ್ಕೂ ಹೆಚ್ಚು ಕೋಶಗಳ ಟೊಳ್ಳು ಚೆಂಡು. ಎರಡನೆಯ ವಾರದ ಕೊನೆಗೆ ದೇಹವಾಗಬೇಕಾದ ಭಾಗ ಒಂದು ಚಪ್ಪಟೆ ತಟ್ಟೆ. ಮೂರನೆಯ ವಾರದ ಆರಂಭದಲ್ಲಿ ತಟ್ಟೆಯ ನಡುವೆ ಒಂದು ಗೀರು ಕಾಣಿಸಿಕೊಂಡು, ಮೇಲಿನ ಕೋಶಗಳು ಅದರ ಮೂಲಕ ಒಳಗಿಳಿದು ಹರಡಿ ಮೂರು ಪದರಗಳಾಗುತ್ತವೆ. ಹೊರಪದರದಿಂದ ಚರ್ಮದ ಮೇಲ್ಭಾಗ ಮತ್ತು ನರಮಂಡಲ, ಮಧ್ಯಪದರದಿಂದ ಮೂಳೆ, ಸ್ನಾಯು, ಹೃದಯ, ರಕ್ತ, ಒಳಪದರದಿಂದ ಕರುಳಿನ ಒಳಗೋಡೆ, ಶ್ವಾಸಕೋಶ, ಯಕೃತ್ತು ಮುಂತಾದವು ಆಗುತ್ತವೆ. ತಲೆ ಯಾವ ಕಡೆ, ಬಾಲ ಯಾವ ಕಡೆ, ಎಡ ಯಾವುದು, ಬಲ ಯಾವುದು ಎಂಬುದು ನಿಶ್ಚಯವಾಗುವುದೂ ಈ ದಿನಗಳಲ್ಲೇ.

ಇದಾದ ಮೇಲೆ ನಡೆಯುವ ಒಂದು ಮಡಿಕೆಯನ್ನು ಹತ್ತಿರದಿಂದ ನೋಡಬೇಕು. ಬೆನ್ನಿನ ಉದ್ದಕ್ಕೂ ಇರುವ ಹೊರಪದರದ ಕೋಶಗಳು ಮೊದಲು ದಪ್ಪನಾಗುತ್ತವೆ. ಪ್ರತಿ ಕೋಶದ ಮೇಲ್ತುದಿಯಲ್ಲಿ ಪ್ರೋಟೀನಿನ ಎಳೆಗಳ ಒಂದು ಬಳೆ ಇದ್ದು, ಸಂಚಿಯ ಬಾಯಿಯ ದಾರ ಎಳೆದಂತೆ ಅದು ಬಿಗಿಯುತ್ತದೆ. ಸಾವಿರಾರು ಕೋಶಗಳ ಮೇಲ್ತುದಿ ಹೀಗೆ ಕಿರಿದಾದಾಗ ಹಾಳೆಗೆ ಬಾಗದೆ ಬೇರೆ ದಾರಿಯಿಲ್ಲ. ನಡುವೆ ತಗ್ಗು ಬೀಳುತ್ತದೆ, ಎರಡೂ ಅಂಚುಗಳು ಬೊಗಸೆ ಹಿಡಿದ ಕೈಗಳಂತೆ ಮೇಲೆದ್ದು ಒಂದನ್ನೊಂದು ಮುಟ್ಟಿ ಬೆಸೆದುಕೊಳ್ಳುತ್ತವೆ. ಹೀಗಾದ ಕೊಳವೆಯ ಮುಂತುದಿ ಮಿದುಳಾಗುತ್ತದೆ, ಉಳಿದದ್ದು ಬೆನ್ನುಹುರಿ. ಮನುಷ್ಯರಲ್ಲಿ ಈ ಕೊಳವೆ ಫಲೀಕರಣದಿಂದ ಸುಮಾರು 28ನೆಯ ದಿನದೊಳಗೆ ಪೂರ್ತಿ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗು ಬೆನ್ನುಹುರಿಯ ಅಥವಾ ಮಿದುಳಿನ ಗಂಭೀರ ದೋಷದೊಂದಿಗೆ ಹುಟ್ಟುತ್ತದೆ.

ಬಸಿರಾಗಲು ಬಯಸುವವರು ಗರ್ಭ ನಿಲ್ಲುವ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರ ಹಿಂದಿನ ಲೆಕ್ಕ ಇದೇ. ಎಷ್ಟೋ ಮಂದಿಗೆ ತಾವು ಬಸಿರೆಂದು ಖಚಿತವಾಗುವ ಹೊತ್ತಿಗೆ ಈ ಕೊಳವೆ ಮುಚ್ಚುವ ಕೆಲಸ ಮುಗಿಯುತ್ತ ಬಂದಿರುತ್ತದೆ. ಹಿಂದೆ ಇಂಥ ದೋಷದ ಮಗುವನ್ನು ಹೆತ್ತಿದ್ದ ತಾಯಂದಿರಲ್ಲಿ, ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲವು ದೋಷ ಮರುಕಳಿಸುವುದನ್ನು ಶೇ 72ರಷ್ಟು ತಗ್ಗಿಸಿತೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1991ರಲ್ಲಿ ವರದಿ ಮಾಡಿತು.

ಮಡಿಚುವುದಷ್ಟೇ ಅಲ್ಲ, ಪ್ರಾಣಿಗಳ ಕೋಶಗಳು ನಡೆದಾಡುತ್ತವೆ ಕೂಡ. ಮೇಲೆ ಹೇಳಿದ ಕೊಳವೆಯ ನೆತ್ತಿಯಿಂದ ಕಳಚಿಕೊಂಡ ಕೋಶಗಳು ದೇಹದ ಉದ್ದಗಲಕ್ಕೂ ಪಯಣಿಸಿ ಮುಖದ ಮೂಳೆಗಳು, ಅನೇಕ ನರಗಳು, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಆಗುತ್ತವೆ. ನಾಯಿ, ಕುದುರೆಗಳ ಹೊಟ್ಟೆಯ ಮೇಲೋ ಹಣೆಯ ಮೇಲೋ ಬಿಳಿಯ ಪಟ್ಟಿ ಇದ್ದರೆ, ಬೆನ್ನಿನಿಂದ ಹೊರಟ ಬಣ್ಣದ ಕೋಶಗಳು ಅಲ್ಲಿಗೆ ಸಾಕಷ್ಟು ಸಂಖ್ಯೆಯಲ್ಲಿ ತಲುಪಲಿಲ್ಲವೆಂದು ಅರ್ಥ.

ಕೆತ್ತಿ ತೆಗೆಯುವ ಕೆಲಸ

ಕೋಶಗಳು ಹುಟ್ಟುವುದರಿಂದ ಮಾತ್ರವಲ್ಲ, ಗೊತ್ತಾದ ಹೊತ್ತಿಗೆ ಸಾಯುವುದರಿಂದಲೂ ಆಕಾರ ಬರುತ್ತದೆ. ನಮ್ಮ ಕೈ ಮೊದಲು ದೋಣಿಯ ಹುಟ್ಟಿನಂತೆ ಅಗಲವಾದ ಒಂದು ಹಲಗೆ. ಬೆರಳುಗಳ ನಡುವಿನ ಕೋಶಗಳು ತಮ್ಮನ್ನು ತಾವೇ ಅಳಿಸಿಕೊಂಡಾಗ ಬೆರಳುಗಳು ಬಿಡಿಯಾಗುತ್ತವೆ. ಬಾತುಕೋಳಿಯ ಕಾಲಿನಲ್ಲಿ ಈ ಸಾವಿನ ಸಂಕೇತಕ್ಕೆ ತಡೆ ಬೀಳುವುದರಿಂದ ಬೆರಳುಗಳ ನಡುವಿನ ಚರ್ಮ ಉಳಿದು, ಅದು ಈಜುವ ಹುಟ್ಟಾಗುತ್ತದೆ. ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ದುಂಡುಹುಳುವೊಂದರಲ್ಲಿ ಈ ಲೆಕ್ಕವನ್ನು ಒಂದು ಕೋಶವೂ ತಪ್ಪದಂತೆ ಬರೆದಿಡಲಾಗಿದೆ: ಅದರ ದೇಹ ಕಟ್ಟಲು 1,090 ಕೋಶಗಳು ಹುಟ್ಟುತ್ತವೆ, ಅವುಗಳಲ್ಲಿ 131 ಸಾಯುತ್ತವೆ, 959 ಉಳಿಯುತ್ತವೆ. ಯಾವ ಕೋಶ ಸಾಯಬೇಕೆಂಬುದು ಪ್ರತಿ ಹುಳುವಿನಲ್ಲೂ ಒಂದೇ. ಇದನ್ನು ಕಂಡುಹಿಡಿದ ಜಾನ್ ಸಲ್‌ಸ್ಟನ್, ಸಿಡ್ನಿ ಬ್ರೆನ್ನರ್ ಮತ್ತು ರಾಬರ್ಟ್ ಹಾರ್ವಿಟ್ಸ್ ಅವರಿಗೆ 2002ರಲ್ಲಿ ನೊಬೆಲ್ ದೊರೆಯಿತು.

ನಡೆಯಲಾರದ ಕೋಶಗಳು: ಗಿಡಗಳ ದಾರಿ

ಗಿಡದ ಪ್ರತಿ ಕೋಶದ ಸುತ್ತಲೂ ಗಟ್ಟಿಯಾದ ಕೋಶಭಿತ್ತಿ ಇದ್ದು, ಅದು ನೆರೆಕೋಶದ ಭಿತ್ತಿಗೆ ಅಂಟಿಕೊಂಡಿರುತ್ತದೆ. ಆದ್ದರಿಂದ ಗಿಡದ ಕೋಶ ಹುಟ್ಟಿದ ಜಾಗ ಬಿಟ್ಟು ಕದಲಲಾರದು. ಮಡಿಚುವುದು, ಪಯಣಿಸುವುದು ಎರಡೂ ಅದಕ್ಕೆ ಆಗದ ಮಾತು. ಯಾವ ದಿಕ್ಕಿಗೆ ಅಡ್ಡಗೋಡೆ ಎಬ್ಬಿಸಿ ಎರಡಾಗಬೇಕು, ಯಾವ ದಿಕ್ಕಿಗೆ ಉಬ್ಬಬೇಕು ಎಂಬ ಎರಡೇ ಆಯ್ಕೆಗಳಿಂದ ಹುಲ್ಲಿನಿಂದ ಹಿಡಿದು ಹೆಮ್ಮರದವರೆಗಿನ ಸಕಲ ರೂಪಗಳೂ ಆಗಿವೆ. ಗಿಡಗಳ ಮತ್ತು ಪ್ರಾಣಿಗಳ ಪೂರ್ವಜರು ಏಕಕೋಶ ಜೀವಿಗಳಾಗಿದ್ದಾಗಲೇ ಬೇರೆಯಾದರು. ಹಾಗಾಗಿ ಬಹುಕೋಶದ ದೇಹ ಕಟ್ಟುವ ವಿದ್ಯೆಯನ್ನು ಇಬ್ಬರೂ ಪ್ರತ್ಯೇಕವಾಗಿಯೇ ಕಲಿತುಕೊಂಡಿದ್ದಾರೆ.

ಇನ್ನೊಂದು ವ್ಯತ್ಯಾಸ ಕಾಲದ್ದು. ಪ್ರಾಣಿಯ ಅಂಗಗಳ ಎಣಿಕೆ ಬಹುತೇಕ ಭ್ರೂಣದಲ್ಲೇ ಮುಗಿಯುತ್ತದೆ. ಹುಟ್ಟಿದ ಮೇಲೆ ನಮಗೆ ಹೊಸ ಕೈ ಮೂಡುವುದಿಲ್ಲ. ಬೀಜದೊಳಗಿನ ಭ್ರೂಣದಲ್ಲಾದರೋ ಒಂದು ಬೇರಿನ ತುದಿ, ಒಂದು ಕುಡಿಯ ತುದಿ, ಒಂದೋ ಎರಡೋ ಬೀಜದಳಗಳು ಇಷ್ಟೇ ಇರುತ್ತವೆ. ಉಳಿದ ಗಿಡವನ್ನೆಲ್ಲ ಆ ಎರಡು ತುದಿಗಳು ಬದುಕಿರುವವರೆಗೂ ಕಟ್ಟುತ್ತಲೇ ಹೋಗುತ್ತವೆ. ಮರದ ಕಾಂಡದ ಮೇಲೆ ಯಾರೋ ಕೆತ್ತಿದ ಹೆಸರು ಇಪ್ಪತ್ತು ವರ್ಷ ಕಳೆದರೂ ಅದೇ ಎತ್ತರದಲ್ಲಿರುವುದು ಇದಕ್ಕೇ: ಮರದ ಎತ್ತರ ಬೆಳೆಯುವುದು ತುದಿಯಲ್ಲಿ ಮಾತ್ರ.

ಆ ತುದಿಯಲ್ಲಿ ಏನಿದೆಯೆಂದು ನೋಡಬೇಕಾದರೆ ಒಂದು ಎಲೆಕೋಸನ್ನು ಉದ್ದಕ್ಕೆ ಎರಡು ಹೋಳು ಮಾಡಿದರೆ ಸಾಕು, ಏಕೆಂದರೆ ಎಲೆಕೋಸು ಒಂದು ದೈತ್ಯ ಮೊಗ್ಗು. ಹೊರಗಿನ ದೊಡ್ಡ ಎಲೆಯ ಒಳಗೆ ಅದಕ್ಕಿಂತ ಚಿಕ್ಕ ಎಲೆ, ಅದರೊಳಗೆ ಇನ್ನೂ ಚಿಕ್ಕದು, ಹೀಗೆ ನಡುವಿನ ದಿಂಡಿನ ನೆತ್ತಿಯವರೆಗೆ ಹೋದರೆ ಎಲೆಗಳು ಕಣ್ಣಿಗೆ ಕಾಣದಷ್ಟು ಕಿರಿದಾಗುತ್ತವೆ. ಅಲ್ಲಿಂದಾಚೆ ಸೂಕ್ಷ್ಮದರ್ಶಕ ಬೇಕು. ನೆತ್ತಿಯಲ್ಲಿರುವುದು ಒಂದು ನುಣುಪಾದ ಗುಮ್ಮಟ, ಅದರ ಅಂಚಿನಲ್ಲಿ ಮುಂದಿನ ಎಲೆಗಳು ಗುಳ್ಳೆಗಳಂತೆ ಎದ್ದಿರುತ್ತವೆ. ಈ ಗುಮ್ಮಟಕ್ಕೆ ವರ್ಧನ ಅಂಗಾಂಶವೆಂದು ಹೆಸರು. ಗಿಡದ ಆಕರಕೋಶಗಳ ಮನೆ ಇದು.

ಗುಮ್ಮಟ ಹಿಗ್ಗದೆ ಕುಗ್ಗದೆ ಒಂದೇ ಗಾತ್ರದಲ್ಲಿ ಉಳಿಯುವುದು ಎರಡು ಸಂಕೇತಗಳ ಹಗ್ಗಜಗ್ಗಾಟದಿಂದ. ಒಳಗಿನ ಕೋಶಗಳು "ಆಕರಕೋಶವಾಗಿಯೇ ಇರು" ಎಂಬ ಸಂಕೇತವನ್ನು ಮೇಲಕ್ಕೆ ಕಳಿಸುತ್ತವೆ. ಮೇಲಿನ ಆಕರಕೋಶಗಳು "ಸಾಕು, ನಿಲ್ಲಿಸು" ಎಂಬ ಸಂಕೇತವನ್ನು ಕೆಳಕ್ಕೆ ಕಳಿಸುತ್ತವೆ. ಆಕರಕೋಶಗಳು ಹೆಚ್ಚಾದರೆ ತಡೆ ಹೆಚ್ಚುತ್ತದೆ, ಕಡಿಮೆಯಾದರೆ ತಡೆ ಸಡಿಲುತ್ತದೆ. ಈ ತಡೆ ದುರ್ಬಲವಾದಾಗ ಗುಮ್ಮಟ ಅಗಲವಾಗುತ್ತದೆ. ಒಳಗೆ ಅನೇಕ ಕೋಣೆಗಳಿರುವ ದಪ್ಪ ಟೊಮೆಟೊ ತಳಿಗಳು ಬಂದದ್ದು ಹೀಗೆಯೇ. ಕೋಳಿಜುಟ್ಟಿನ ಹೂವಿನಲ್ಲಿ ಗುಮ್ಮಟ ದುಂಡಗಿರದೆ ಉದ್ದನೆಯ ದಿಬ್ಬದಂತೆ ಹಿಗ್ಗುವುದರಿಂದ ಆ ನೆರಿಗೆನೆರಿಗೆಯ ಜುಟ್ಟು ಬರುತ್ತದೆ.

ಹೊಸ ಎಲೆ ಎಲ್ಲಿ ಏಳಬೇಕೆಂಬುದನ್ನು ಹೇಳುವುದು ಆಕ್ಸಿನ್ ಎಂಬ ಹಾರ್ಮೋನು. ಗುಮ್ಮಟದ ಕೋಶಗಳು ಆಕ್ಸಿನ್ನನ್ನು ಕೈಯಿಂದ ಕೈಗೆ ದಾಟಿಸುತ್ತವೆ, ಅದೂ ಹೆಚ್ಚು ಆಕ್ಸಿನ್ ಇರುವ ನೆರೆಯ ಕಡೆಗೇ. ಹೀಗಾಗಿ ಅದು ಒಂದು ಬಿಂದುವಿನಲ್ಲಿ ಶೇಖರವಾಗುತ್ತದೆ. ಅಲ್ಲಿ ಎಲೆ ಏಳುತ್ತದೆ. ಸುತ್ತಲಿನ ಜಾಗದ ಆಕ್ಸಿನ್ ಬರಿದಾಗುವುದರಿಂದ ಪಕ್ಕದಲ್ಲೇ ಇನ್ನೊಂದು ಎಲೆ ಏಳಲಾಗದು, ಮುಂದಿನದು ಆದಷ್ಟು ದೂರದಲ್ಲಿ ಏಳಬೇಕು. ಇಷ್ಟು ಸರಳವಾದ ಪೈಪೋಟಿಯಿಂದಲೇ ಅನೇಕ ಗಿಡಗಳಲ್ಲಿ ಒಂದು ಎಲೆಗೂ ಮುಂದಿನದಕ್ಕೂ ನಡುವಿನ ಕೋನ ಸುಮಾರು 137.5 ಡಿಗ್ರಿಗೆ ಬಂದು ನಿಲ್ಲುತ್ತದೆ. ಸೂರ್ಯಕಾಂತಿಯ ಬೀಜಗಳ ಸುರುಳಿಗಳೂ ಇದರ ಫಲವೇ. ಗಿಡ ಕೋನವನ್ನು ಅಳೆಯುವುದಿಲ್ಲ, ಸುರುಳಿಯನ್ನು ಎಣಿಸುವುದೂ ಇಲ್ಲ.

ಗಿಡದ ಕೋಶಕ್ಕೆ ತನ್ನ ವಂಶಕ್ಕಿಂತ ತನ್ನ ಜಾಗ ದೊಡ್ಡದು. ಬೇರಿನ ತುದಿಯಲ್ಲಿ ಒಂದು ಕೋಶವನ್ನು ಲೇಸರ್ ಕಿರಣದಿಂದ ಕೊಂದರೆ, ಪಕ್ಕದ ಕೋಶ ಆ ತೆರಪನ್ನು ತುಂಬಿ, ತನ್ನ ಹಳೆಯ ಕಸುಬು ಬಿಟ್ಟು ಹೊಸ ಜಾಗದ ಕಸುಬನ್ನು ಹಿಡಿಯುತ್ತದೆಂದು 1995ರಲ್ಲಿ ತೋರಿಸಲಾಯಿತು. 1957ರಲ್ಲಿ ಫೋಕ್ ಸ್ಕೂಗ್ ಮತ್ತು ಕಾರ್ಲೋಸ್ ಮಿಲ್ಲರ್ ತಂಬಾಕಿನ ಕಾಂಡದ ತಿರುಳಿನ ಮೇಲೆ ಮಾಡಿದ ಪ್ರಯೋಗದಲ್ಲಿ, ಸೈಟೊಕೈನಿನ್ ಎಂಬ ಹಾರ್ಮೋನಿಗಿಂತ ಆಕ್ಸಿನ್ ಹೆಚ್ಚಿದ್ದರೆ ಬೇರು, ಆಕ್ಸಿನ್‌ಗಿಂತ ಸೈಟೊಕೈನಿನ್ ಹೆಚ್ಚಿದ್ದರೆ ಚಿಗುರು ಬಂದವು. ಮರುವರ್ಷವೇ ಎಫ್. ಸಿ. ಸ್ಟುವರ್ಡ್ ಗಜ್ಜರಿಯ ಬೇರಿನ ಕೋಶಗಳಿಂದ ಪೂರ್ಣ ಗಿಡಗಳನ್ನು ಬೆಳೆಸಿದರು. ಒಂದೇ ತಾಯಿಗಿಡದಿಂದ ಸಾವಿರಾರು ಸಸಿಗಳನ್ನು ಗಾಜಿನ ಶೀಸೆಗಳಲ್ಲಿ ಬೆಳೆಸುವ ಅಂಗಾಂಶ ಕೃಷಿ ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ಹೂವೆಂಬ ಎಲೆ

ಹೂವಿನ ಭಾಗಗಳೆಲ್ಲ ಮಾರ್ಪಟ್ಟ ಎಲೆಗಳೆಂದು ಜರ್ಮನ್ ಕವಿ ಗೋಯ್ಥೆ 1790ರಲ್ಲೇ ಬರೆದಿದ್ದ. ಅದು ಹೇಗೆಂಬುದಕ್ಕೆ ಉತ್ತರ ಸಿಕ್ಕಿದ್ದು 1991ರಲ್ಲಿ, ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೇಯರೊವಿಟ್ಸ್ ಅವರಿಂದ. ಹೂವಿನಲ್ಲಿ ಹೊರಗಿನಿಂದ ಒಳಕ್ಕೆ ನಾಲ್ಕು ಸುತ್ತುಗಳಿವೆ: ಹಸಿರು ಪುಷ್ಪಪತ್ರ, ಬಣ್ಣದ ದಳ, ಕೇಸರ, ಶಲಾಕೆ. ಮೂರು ಗುಂಪಿನ ಜೀನ್‌ಗಳೇ ಈ ನಾಲ್ಕನ್ನೂ ನಿರ್ಧರಿಸುತ್ತವೆ. ಮೊದಲ ಗುಂಪೊಂದೇ ಹೊತ್ತಿದರೆ ಪುಷ್ಪಪತ್ರ, ಮೊದಲನೆಯದೂ ಎರಡನೆಯದೂ ಕೂಡಿದರೆ ದಳ, ಎರಡನೆಯದೂ ಮೂರನೆಯದೂ ಕೂಡಿದರೆ ಕೇಸರ, ಮೂರನೆಯದೊಂದೇ ಇದ್ದರೆ ಶಲಾಕೆ. ಮೂರನೆಯ ಗುಂಪು ಆರಿದರೆ ಮೊದಲನೆಯದು ಆ ಜಾಗಕ್ಕೂ ಹಬ್ಬುತ್ತದೆ. ಆಗ ಕೇಸರಗಳಿರಬೇಕಾದ ಕಡೆ ದಳಗಳೇ ಮೂಡುತ್ತವೆ. ಕಾಡುಗುಲಾಬಿಗೆ ಐದೇ ದಳ. ತೋಟದ ಗುಲಾಬಿಯ ಒತ್ತೊತ್ತಾದ ದಳಗಳಲ್ಲಿ ಬಹುಪಾಲು ಕೇಸರಗಳಾಗಬೇಕಿದ್ದವು.

ಪ್ರಾಣಿಗಳಲ್ಲಿಯೂ ಜಾಗಕ್ಕೆ ತಕ್ಕ ಅಂಗವನ್ನು ಗೊತ್ತುಪಡಿಸುವ ಜೀನ್‌ಗಳ ಇಂಥದ್ದೇ ಒಂದು ಗುಂಪಿದೆ, ಅದಕ್ಕೆ ಹಾಕ್ಸ್ ಎಂದು ಹೆಸರು. ಅವುಗಳಲ್ಲೊಂದು ತಪ್ಪು ಜಾಗದಲ್ಲಿ ಹೊತ್ತಿದರೆ ಹಣ್ಣುನೊಣದ ತಲೆಯ ಮೇಲೆ ಮೀಸೆಯ ಬದಲು ಕಾಲು ಮೂಡುತ್ತದೆ. ನೊಣದಲ್ಲೂ ಮನುಷ್ಯನಲ್ಲೂ ಈ ಜೀನ್‌ಗಳು ವರ್ಣತಂತು ಎಂಬ ಡಿಎನ್ಎ ಎಳೆಯ ಮೇಲೆ ಸಾಲಾಗಿ ನಿಂತಿವೆ. ಸಾಲಿನ ಕ್ರಮವೂ ದೇಹದಲ್ಲಿ ತಲೆಯಿಂದ ಹಿಂದಕ್ಕೆ ಅವು ಕೆಲಸ ಮಾಡುವ ಕ್ರಮವೂ ಒಂದೇ.

ಆ ಹದಿನಾಲ್ಕು ದಿನದ ರಚನೆಗೆ ಮರಳಿದರೆ

ಹನ್ನಾ ಅವರ ತಂಡ ಆಕರಕೋಶಗಳಲ್ಲಿ ಒಂದು ಪಾಲನ್ನು ಹಾಗೆಯೇ ಬಿಟ್ಟು, ಉಳಿದವನ್ನು ರಾಸಾಯನಿಕಗಳಿಂದ ಉಪಚರಿಸಿ, ಮಾಸು ಮುಂತಾದ ಹೊರ ಆವರಣಗಳಾಗುವ ಜೀನ್‌ಗಳನ್ನು ಅವುಗಳಲ್ಲಿ ಹೊತ್ತಿಸಿತ್ತು. ಬೆರೆಸಿದ ಮೇಲೆ ಒಂದೊಂದು ಬಗೆಯೂ ತನ್ನ ನೆರೆಯನ್ನು ಗುರುತಿಸಿ ಜಾಗ ಹಿಡಿಯಿತು. ಭ್ರೂಣದ ತಟ್ಟೆ, ಅದರ ಮೇಲೂ ಕೆಳಗೂ ಒಂದೊಂದು ಚೀಲ, ಸುತ್ತಲೂ ಮಾಸಿನ ಪದರ ಕಾಣಿಸಿಕೊಂಡವು. ಇದು ಭ್ರೂಣವನ್ನು ಹೋಲುವ ಮಾದರಿಯೇ ಹೊರತು ಭ್ರೂಣವಲ್ಲ, ಗರ್ಭಕೋಶದಲ್ಲಿ ಇಟ್ಟರೂ ನಾಟಿಕೊಳ್ಳಲಾರದೆಂದು ತಂಡವೇ ಸ್ಪಷ್ಟಪಡಿಸಿದೆ.

ಹದಿನಾಲ್ಕು ಎಂಬ ಸಂಖ್ಯೆ ಪದೇ ಪದೇ ಬರುವುದಕ್ಕೂ ಕಾರಣವಿದೆ. ಪ್ರಯೋಗಾಲಯದಲ್ಲಿ ಮಾನವ ಭ್ರೂಣವನ್ನು ಹದಿನಾಲ್ಕು ದಿನಕ್ಕಿಂತ ಹೆಚ್ಚು ಬೆಳೆಸಬಾರದೆಂದು ಬ್ರಿಟನ್ನಿನಲ್ಲಿ ಮೇರಿ ವಾರ್ನಾಕ್ ಅಧ್ಯಕ್ಷತೆಯ ಸಮಿತಿ 1984ರಲ್ಲಿ ಶಿಫಾರಸು ಮಾಡಿತು, ಮುಂದೆ ಹಲವು ದೇಶಗಳು ಈ ಮಿತಿಯನ್ನು ಒಪ್ಪಿದವು. ತಟ್ಟೆಯ ಮೇಲೆ ಗೀರು ಕಾಣುವುದು ಅದರ ಮಗ್ಗುಲಿನ ದಿನಗಳಲ್ಲೇ. ಗೀರು ಮೂಡುವವರೆಗೆ ಒಂದು ಭ್ರೂಣ ಎರಡಾಗಿ ಅವಳಿಯಾಗುವ ಸಾಧ್ಯತೆ ಇರುತ್ತದೆ, ಮೂಡಿದ ಮೇಲೆ ಇದು ಒಬ್ಬನೇ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಭ್ರೂಣ ಗರ್ಭಕೋಶದ ಗೋಡೆಯಲ್ಲಿ ನೆಲೆಯೂರಿದ ಮೇಲಿನ ಒಂದೆರಡು ವಾರಗಳನ್ನು ನೇರವಾಗಿ ನೋಡಲು ವಿಜ್ಞಾನಕ್ಕೆ ದಾರಿಗಳು ಬಹಳ ಕಡಿಮೆ. ಅನೇಕ ಗರ್ಭಗಳು ತಾಯಿಗೆ ಗೊತ್ತಾಗುವ ಮೊದಲೇ ಉದುರಿಹೋಗುವುದು ಈ ದಿನಗಳಲ್ಲೇ. ತೆಗೆದುಕೊಂಡ ಔಷಧವೊಂದು ಹಾನಿ ಮಾಡಬಹುದಾದ ಕಾಲವೂ ಇಲ್ಲಿಂದಲೇ ತೊಡಗುತ್ತದೆ. ಮಾದರಿಗಳು ಬೆಲೆಬಾಳುವುದು ಇದಕ್ಕಾಗಿ. ಬೆರೆಸಿಟ್ಟ ಕೋಶಗಳ ಗುಡ್ಡೆಗಳಲ್ಲಿ ಹೀಗೆ ಕ್ರಮವಾಗಿ ಜೋಡಣೆಯಾದವು ನೂರಕ್ಕೆ ಸುಮಾರು ಒಂದು ಮಾತ್ರ. ಅದೇ ಕೋಶಗಳು, ಅದೇ ದ್ರವ ಇದ್ದೂ ಉಳಿದ ತೊಂಬತ್ತೊಂಬತ್ತು ಯಾವ ಹೆಜ್ಜೆಯಲ್ಲಿ ದಾರಿ ತಪ್ಪಿದವೆಂಬುದು ಈಗ ಆ ಪ್ರಯೋಗಾಲಯಗಳ ಮುಂದಿರುವ ಪ್ರಶ್ನೆ.